ದೇವಕಿಯಕ್ಕನ ನೀರು

ನಮ್ಮ ಊರಿನ ಕಡಲು ಯಾರಿಗೇ ಆಗಲಿ ಮೊಣಕಾಲಿನವರೆಗೆ. ಆರಡಿ ಎತ್ತರದ ನಮ್ಮ ಬಾವ ಇಳಿದರೆ ಅವರ ಮೊಣಕಾಲಿಗೆ, ಮೊನ್ನೆ ಮೊನ್ನೆ ನಡೆಯಲು ಕಲಿತ ಮಗು ಇಳಿದರೆ ಅದರ ಮೊಣಕಾಲಿಗೆ. ದಡದಿಂದ ಹತ್ತು ಹೆಜ್ಜೆ ಹೋದರೂ ಅಷ್ಟೇ, ಬೆಳಿಗ್ಗೆ ಹೊರಟು ಮಧ್ಯಾಹ್ನದವರೆಗೆ ನಡೆದರೂ ಅಷ್ಟೇ. ಹಾಗಾಗಿ ನಮ್ಮಲ್ಲಿ ದೋಣಿ ಕಟ್ಟುವವರಿಲ್ಲ. ಈಜುವುದು ಎಂಬ ಮಾತನ್ನು ನಾವು ಮೀನಿನ ವಿಷಯದಲ್ಲಿ ಮಾತ್ರ ಬಳಸುತ್ತೇವೆ. ಗಂಡಸರು ಹೆಂಚಿನ ಕಾರ್ಖಾನೆಗೆ ಹೋಗುತ್ತಾರೆ, ಹೆಂಗಸರು ಮೀನಿಗೆ ಹೋಗುತ್ತೇವೆ. ಬಾವಿಯಿಂದ ನೀರು ತರುವಷ್ಟೇ ಸಾಧಾರಣ ಕೆಲಸ ಅದು. ಹೊಸ ಸೀರೆ ಉಟ್ಟ ಹದಿನೈದು ದಿನಕ್ಕೆ ಮೊಣಕಾಲಿನ ಹತ್ತಿರ ಉಪ್ಪಿನ ಬಿಳಿ ಗೆರೆ ಬೀಳುತ್ತದೆ, ಒಗೆದರೂ ಹೋಗುವುದಿಲ್ಲ.

ಈ ಕೆಲಸಕ್ಕೆ ಬೇಕಾಗುವುದೂ ಹೆಚ್ಚೇನಿಲ್ಲ. ಒಂದು ಖಾಲಿ ಬಾಟಲಿ, ಅದಕ್ಕೆ ಸುತ್ತಿದ ತಂಗೂಸಿ ಎಂಬ ನೈಲಾನ್ ದಾರ, ತುದಿಗೊಂದು ಗಾಳ, ಗಾಳದಿಂದ ಒಂದು ಗೇಣು ಮೇಲೆ ಭಾರಕ್ಕೆಂದು ಸೈಕಲ್ ಅಂಗಡಿಯವನು ಬಿಸಾಡಿದ ನಟ್ಟು. ಸೀಸದ ಗುಂಡು ಪೇಟೆಯಲ್ಲಿ ಸಿಗುತ್ತದೆ. ಆದರೆ ತುಕ್ಕು ಹಿಡಿದ ನಟ್ಟು ಮಾಡುವ ಕೆಲಸಕ್ಕೆ ದುಡ್ಡು ಸುರಿಯುವ ಹೆಂಗಸು ನಮ್ಮಲ್ಲಿ ಹುಟ್ಟಿಲ್ಲ. ಗಾಳಕ್ಕೆ ಸಿಕ್ಕಿಸಲು ಸಿಗಡಿ ಇದ್ದರೆ ಸಿಗಡಿ, ಇಲ್ಲದಿದ್ದರೆ ನಿಂತಲ್ಲೇ ಕಾಲ್ಬೆರಳಿನಿಂದ ಮರಳು ಕೆದಕಿ ತೆಗೆದ ಚಿಪ್ಪಿನ ಮಾಂಸ. ಬಾಟಲಿಯ ಕತ್ತನ್ನು ಎಡಗೈಯಲ್ಲಿ ಹಿಡಿದು ಬಲಗೈಯಿಂದ ದಾರವನ್ನು ಎರಡು ಸುತ್ತು ಬೀಸಿ ಬಿಟ್ಟರೆ ಇಪ್ಪತ್ತು ಮಾರು ದೂರ ಹೋಗಿ ಬೀಳುತ್ತದೆ. ಸಿಗುವುದು ಕಾಣೆ, ಪಯ್ಯೆಯಂಥ ಸಣ್ಣ ಮೀನು, ಆಗೊಮ್ಮೆ ಏಡಿ. ಮೊಣಕಾಲು ನೀರಿಗೆ ಬರುವ ಮೀನು ಮೊಣಕಾಲು ನೀರಿನಷ್ಟೇ ದೊಡ್ಡದಿರುತ್ತದೆ.

ಒಂದು ಮನೆಯ ಹೆಂಗಸರು ಅಕ್ಕಪಕ್ಕ ನಿಲ್ಲಬೇಕು, ಹಿರಿಯಳು ಬಲಕ್ಕೆ, ಕಿರಿಯಳು ಎಡಕ್ಕೆ. ಹೀಗಾಗಿ ನನ್ನ ಬಲಕ್ಕೆ ಯಾವಾಗಲೂ ನನ್ನ ಓರಗಿತ್ತಿ, ಬಾವನ ಹೆಂಡತಿ, ದೇವಕಿಯಕ್ಕ. ನನ್ನ ಹೆಸರು ವಾರಿಜ. ನಾವಿಬ್ಬರೂ ಮಾತು ಬಿಟ್ಟು ಆಗ ನಾಲ್ಕು ವರ್ಷವಾಗಿತ್ತು. ಅತ್ತೆ ಬಿಟ್ಟುಹೋದ ಮೀನುಸಾರಿನ ಮಣ್ಣಿನ ಪಾತ್ರೆ ಒಡೆದದ್ದು ನಾನು ಎಂದು ಅವರು, ಅವರು ಎಂದು ನಾನು. ಅಷ್ಟಕ್ಕೇ ಒಂದು ಮನೆಯಲ್ಲಿ ಎರಡು ಒಲೆಯಾಯಿತು, ನಡುವೆ ಮಣ್ಣಿನ ಗೋಡೆ ಎದ್ದಿತು. ಕಡಲಿನಲ್ಲಿ ಮಾತ್ರ ಗೋಡೆ ಕಟ್ಟುವ ಹಾಗಿರಲಿಲ್ಲ. ದಿನಾ ಬೆಳಿಗ್ಗೆ ಎರಡು ಮಾರು ಅಂತರದಲ್ಲಿ ನಿಂತು ಎರಡು ಬೇರೆ ಊರಿನವರ ಹಾಗೆ ಮೀನು ಹಿಡಿಯುತ್ತಿದ್ದೆವು. ಆ ನಾಲ್ಕು ವರ್ಷ ನಾನು ಮನಸ್ಸಿನೊಳಗೆ ಅವರನ್ನು ಏಕವಚನದಲ್ಲೇ ಕರೆಯುತ್ತಿದ್ದೆ. ಈಗ ಹೇಳುವಾಗ ನಾಚಿಕೆಯಾಗುತ್ತದೆ.

ಒಂದು ಮಂಗಳವಾರ ದಡ ಹತ್ತುವಾಗ ಅವರ ಸೀರೆ ತೊಡೆಯವರೆಗೆ ಒದ್ದೆಯಾಗಿದ್ದನ್ನು ಕಂಡೆ. ಏಡಿ ಹಿಡಿಯಲು ಬಗ್ಗಿರಬೇಕು ಎಂದುಕೊಂಡೆ. ಮರುದಿನ ಪಕ್ಕಕ್ಕೆ ತಿರುಗಿ ನೋಡಿದರೆ ನೀರು ಅವರ ಸೊಂಟದಲ್ಲಿತ್ತು. ನನ್ನ ಕಾಲು ನೋಡಿಕೊಂಡೆ. ನನಗೆ ಮೊಣಕಾಲಿನಲ್ಲೇ ಇತ್ತು. ಮತ್ತೆ ಅವರನ್ನು ನೋಡಿದೆ. ಕಣ್ಣು ಉಜ್ಜಿಕೊಂಡು ಇನ್ನೊಮ್ಮೆ ನೋಡಿದೆ. ಕುಳಿತಿದ್ದಾರೆಯೇ ಎಂದರೆ ಹಾಗೂ ಕಾಣುತ್ತಿರಲಿಲ್ಲ.

ಅವರು ನನ್ನ ನೋಟವನ್ನು ಗಮನಿಸಿದರು. "ಇಲ್ಲಿ ಯಾರೋ ಗುಂಡಿ ತೋಡಿದ್ದಾರೆ," ಎಂದರು, ಬುಟ್ಟಿಯೊಳಗಿನ ಏಡಿಗೆ ಹೇಳುವವರ ಹಾಗೆ.

ನನಗೆ ತಡೆಯಲಾಗಲಿಲ್ಲ. "ಕಡಲಲ್ಲಿ ಗುಂಡಿ ತೋಡ್ಲಿಕ್ಕೆ ನನಗೆಂತ ಬೇರೆ ಕೆಲಸ ಇಲ್ವಾ?"

"ನಿನ್ನ ಹೆಸರು ಯಾರು ಹೇಳಿದ್ರು?"

"ಹೇಳದಿದ್ರೂ ಗೊತ್ತಾಗ್ತದೆ."

"ಹಾಗಾದ್ರೆ ನೀನು ಬಾ ಇಲ್ಲಿ. ಬಂದು ನಿಲ್ಲು, ನೋಡುವ."

ನಾಲ್ಕು ವರ್ಷದ ನಂತರ ನಮ್ಮಿಬ್ಬರ ನಡುವೆ ಆದ ಮೊದಲ ಮಾತು ಇದು. ನಾನು ಹೋಗಿ ಅವರ ಜಾಗದಲ್ಲಿ ನಿಂತೆ. ನನಗೆ ಮೊಣಕಾಲು. ಅವರು ಬಂದು ನನ್ನ ಜಾಗದಲ್ಲಿ ನಿಂತರು. ಅವರಿಗೆ ಸೊಂಟ. ನಾನು ಬಗ್ಗಿ ಅವರ ಪಾದದ ಸುತ್ತ ಕೈಯಾಡಿಸಿದೆ. ನನ್ನ ಕೈಗೆ ಸಪಾಟಾದ ಮರಳು ಸಿಕ್ಕಿತು. ಅವರ ಪಾದ ಸಿಗಲಿಲ್ಲ. ನಾನು ಕೈ ತೆಗೆದು ಸೀರೆಗೆ ಒರೆಸಿಕೊಂಡೆ, ಏನೋ ಮುಟ್ಟಬಾರದ್ದನ್ನು ಮುಟ್ಟಿದವಳ ಹಾಗೆ.

"ಗುಂಡಿ ಉಂಟಾ?" ಎಂದು ಕೇಳಿದರು ಅಕ್ಕ. ಅವರ ದನಿಯಲ್ಲಿ ಜಗಳ ಇರಲಿಲ್ಲ. ಗುಂಡಿ ಇದ್ದರೆ ಒಳ್ಳೆಯದಿತ್ತು ಎಂಬ ಆಸೆ ಇತ್ತು.

"ಇಲ್ಲ ಅಕ್ಕ," ಎಂದೆ. ಅಕ್ಕ ಎಂಬ ಮಾತು ತಾನಾಗಿ ಬಾಯಿಗೆ ಬಂದಿತ್ತು.

ಸುದ್ದಿ ಮಧ್ಯಾಹ್ನದೊಳಗೆ ಊರೆಲ್ಲ ಹರಡಿತು. ಗುರಿಕಾರ ಬಸವಣ್ಯಪ್ಪನವರು ಅಳೆಯುವ ಕೋಲು ಹಿಡಿದುಕೊಂಡು ಬಂದರು. ಊರಿನಲ್ಲಿ ಯಾರದ್ದೇ ತಕರಾರಿದ್ದರೂ ಅವರು ಅಳೆದು ತೀರ್ಮಾನ ಹೇಳುವುದು ರೂಢಿ. ಅವರು ಅಕ್ಕನ ಪಕ್ಕದಲ್ಲೇ ಕೋಲು ಊರಿದರು, ಎರಡು ಗೇಣು ಮುಳುಗಿ ನಿಂತಿತು. "ಈಗ ನೀನು ಊರು," ಎಂದು ಅಕ್ಕನ ಕೈಗೆ ಕೊಟ್ಟರು. ಅಕ್ಕ ಊರಿದರು, ಕೋಲು ಅವರ ಕೈ ನೀರು ಮುಟ್ಟುವವರೆಗೂ ಇಳಿಯಿತು. ಗುರಿಕಾರರು ಕೋಲನ್ನು ವಾಪಸು ತೆಗೆದುಕೊಂಡು ತಿರುಗಿಸಿ ಮುರುಗಿಸಿ ನೋಡಿದರು. ದಡದಲ್ಲಿ ಮೂವತ್ತು ಜನ ಕಾಯುತ್ತಿದ್ದರು.

"ಕೋಲು ಸರಿ ಇಲ್ಲ," ಎಂದು ಹೇಳಿ ಅವರು ಮನೆಗೆ ಹೋದರು. ಮತ್ತೆ ಆ ವಿಷಯದಲ್ಲಿ ಅವರು ಬಾಯಿ ತೆರೆದದ್ದನ್ನು ನಾನು ಕಂಡಿಲ್ಲ.

ಒಬ್ಬೊಬ್ಬರು ಒಂದೊಂದು ಹೇಳಿದರು. ಅಕ್ಕ ಕುಳ್ಳಗಾಗುತ್ತಿದ್ದಾರೆ ಎಂದರು ಕೆಲವರು. ದರ್ಜಿಯನ್ನು ಕರೆಸಿ ಅಳೆಸಿದ್ದಾಯಿತು, ಕಾಲು ಇದ್ದಷ್ಟೇ ಇತ್ತು. ತವರಿನಿಂದ ತಂದ ದೋಷ ಎಂದರು ಕೆಲವರು. ಅವರ ತವರು ನಮ್ಮ ಮನೆಯಿಂದ ನಾಲ್ಕನೆಯ ಮನೆ, ಅಲ್ಲಿಯವರೆಲ್ಲ ಮೊಣಕಾಲು ನೀರಿನಲ್ಲೇ ನಿಲ್ಲುವವರು. ಓರಗಿತ್ತಿ ಏನಾದರೂ ಮಾಡಿಸಿರಬೇಕು ಎಂದು ನನ್ನ ಬೆನ್ನ ಹಿಂದೆ ಆಡಿಕೊಂಡವರೂ ಇದ್ದರು. ರಾತ್ರಿ ಊಟಕ್ಕೆ ಕುಳಿತಾಗ ನಮ್ಮವರೇ ಕೇಳಿದರು, "ನೀನು ಎಂತದೂ ಮಾಡ್ಲಿಲ್ಲ ಅಲ್ವಾ?" ಎಂದು. ನನಗೆ ಸಿಟ್ಟು ಬರಬೇಕಿತ್ತು. ಬದಲಿಗೆ, ನಾನು ನಿಜವಾಗಿ ಏನಾದರೂ ಮಾಡಿದ್ದೇನೆಯೇ ಎಂದು ಯೋಚಿಸುತ್ತ ಕುಳಿತೆ. ನಾಲ್ಕು ವರ್ಷ ದಿನಾ ಪಕ್ಕದಲ್ಲಿ ನಿಂತು ಮನಸ್ಸಿನಲ್ಲಿ ಬಯ್ದದ್ದು ನೀರಿಗೆ ಇಳಿಯುತ್ತದೆಯೇ? ಇಳಿದರೆ ಅವರು ಬಯ್ದದ್ದೂ ಇಳಿಯಬೇಕಲ್ಲ, ನನ್ನ ನೀರೂ ಏರಬೇಕಲ್ಲ? ಏನೂ ಬಗೆಹರಿಯಲಿಲ್ಲ.

ಅಕ್ಕನ ನೀರು ಏರುತ್ತಲೇ ಹೋಯಿತು. ಆ ವಾರ ಎದೆಗೆ ಬಂತು. ಅವರ ಗಾಳಕ್ಕೆ ಕಾಣೆ ಬೀಳುವುದು ನಿಂತಿತು, ನಾವು ಯಾರೂ ಕಂಡಿರದ ಮೀನು ಬೀಳತೊಡಗಿತು. ಮೊದಲು ಬಂದದ್ದು ಕಪ್ಪು ಕಲೆಗಳಿದ್ದ, ದೊಡ್ಡ ಬಾಯಿಯ, ತೋಳಿನಷ್ಟು ಉದ್ದದ ಮೀನು. ಅದು ದಡದಲ್ಲಿ ಬಿದ್ದು ಬಾಲ ಬಡಿದ ಸದ್ದಿಗೆ ಹೆಂಗಸರೆಲ್ಲ ಹಿಂದೆ ಸರಿದರು. ಹೊರಗಿನಿಂದ ಬರುವ ವ್ಯಾಪಾರಿ ಅದನ್ನು ಮುರು ಎಂದು ಕರೆದ, ಆಳದ ಮೀನು ಎಂದ. ಆಳ ಎಂದರೆ ಎಲ್ಲಿ ಎಂದು ನಾವು ಕೇಳಿದೆವು. ಅವನು ಅಕ್ಕನ ಕಡೆ ಕೈ ತೋರಿಸಿದ.

"ಸಾಕು, ಇನ್ನು ಹೋಗ್ಬೇಡ," ಎಂದು ಬಾವ ಹೇಳಿದ್ದು ಗೋಡೆಯಾಚೆಯಿಂದ ನನಗೂ ಕೇಳಿಸಿತು.

"ಒಂದು ನಾಲ್ಕು ದಿನ ಹೋಗ್ತೇನೆ," ಎಂದರು ಅಕ್ಕ.

"ಎಂತಕ್ಕೆ? ಮೀನಿಗಾ? ನಮಗೆ ಕಾಣೆ ಸಾಕು ಮಾರಾಯ್ತಿ."

"ಮೀನಿಗೆ ಅಲ್ಲ. ದಾರ ಎಳೆಯುವಾಗ ಕೆಳಗೆ ತುಂಬಾ ದೂರದಿಂದ ಬಂದ ಹಾಗೆ ಆಗ್ತದೆ. ಇಪ್ಪತ್ತೆರಡು ವರ್ಷ ಅದರ ಮೇಲೆಯೇ ನಿಂತಿದ್ದೆ ನಾನು. ಗೊತ್ತೇ ಇರ್ಲಿಲ್ಲ."

ಅವರು ಹೇಳಿದ ನಾಲ್ಕು ದಿನ ಮುಗಿಯಲಿಲ್ಲ. ಮೂರನೆಯ ಬೆಳಿಗ್ಗೆ ಗಾಳ ಬೀಸಿ ದಾರ ಸುತ್ತಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಯಾರೋ ಉಸಿರೆಳೆದುಕೊಂಡ ಸದ್ದಾಯಿತು. ತಿರುಗಿದರೆ ಅಕ್ಕ ಇಲ್ಲ. ನೀರಿನ ಮೇಲೆ ಅವರ ಬುಟ್ಟಿ ತೇಲುತ್ತಿತ್ತು, ಅದರ ಪಕ್ಕದಲ್ಲಿ ಮಲ್ಲಿಗೆ ಮುಡಿದ ಜಡೆಯ ತುದಿ. ನಾನು ಬಾಟಲಿ ಬಿಸಾಡಿ ಎರಡು ಹೆಜ್ಜೆಗೆ ಅಲ್ಲಿದ್ದೆ. ನನ್ನ ಮೊಣಕಾಲಿನಷ್ಟು ನೀರಿನಲ್ಲಿ ಆಳೆತ್ತರದ ಒಬ್ಬ ಹೆಂಗಸು ಮುಳುಗುತ್ತಿದ್ದಳು. ಜಡೆಗೆ ಕೈ ಹಾಕಿ ಹಿಡಿದೆ. ನನ್ನ ಗೆಣ್ಣುಗಳಿಗೆ ಮರಳು ತಾಗುತ್ತಿತ್ತು, ಜಡೆ ಮಾತ್ರ ಆ ಮರಳಿನ ಒಳಗಿನಿಂದ ಬರುತ್ತಿತ್ತು. ಎಳೆದೆ. ಗದ್ದೆಯಿಂದ ಬೇರು ಸಮೇತ ಏನನ್ನೋ ಕಿತ್ತ ಹಾಗೆ ಅಕ್ಕನ ತಲೆ ಬಂತು, ಭುಜ ಬಂತು. ಅವರು ನನ್ನ ಕುತ್ತಿಗೆಗೆ ಜೋತುಬಿದ್ದರು. ಬೆನ್ನ ಮೇಲೆ ಹೊತ್ತುಕೊಂಡು ದಡಕ್ಕೆ ನಡೆದೆ. ಇಡೀ ದಾರಿ ನನಗೆ ಮೊಣಕಾಲು ನೀರೇ ಇತ್ತು.

ಮರಳಿನ ಮೇಲೆ ಅಂಗಾತ ಮಲಗಿ ಅವರು ಕೆಮ್ಮುತ್ತಿದ್ದರು. ನಾನು ಏನಾದರೂ ಹೇಳಬೇಕಿತ್ತು. "ಮಲ್ಲಿಗೆ ಮುಡ್ಕೊಂಡು ಯಾರಾದ್ರೂ ಮೀನಿಗೆ ಬರ್ತಾರಾ?" ಎಂದು ಬಯ್ದೆ. ಅಕ್ಕ ಕೆಮ್ಮಿನ ನಡುವೆ ನಕ್ಕರು.

ಅದಾದ ಮೇಲೆ ಬಾವ ಅವರನ್ನು ಮನೆ ಬಿಟ್ಟು ಕಳುಹಿಸಲಿಲ್ಲ. ಹನ್ನೊಂದು ದಿನ ನಾನು ಒಬ್ಬಳೇ ಹೋದೆ. ಬಲಗಡೆ ಯಾರೂ ಇಲ್ಲದ್ದು ಸುಖ ಎನಿಸಬೇಕಿತ್ತು. ಅದರ ಬದಲು ನನ್ನ ಬೀಸು ತಪ್ಪತೊಡಗಿತು. ದಾರ ಸಿಕ್ಕುಬೀಳುತ್ತಿತ್ತು, ನಟ್ಟು ಕಾಲಿನ ಬುಡದಲ್ಲೇ ಬೀಳುತ್ತಿತ್ತು. ಬಲಕ್ಕೆ ಒಬ್ಬರು ಇದ್ದಾರೆ ಎಂಬ ಅಂದಾಜಿನ ಮೇಲೆ ಇಷ್ಟು ವರ್ಷ ಬೀಸುತ್ತಿದ್ದೆ, ಅದು ನನಗೇ ತಿಳಿದಿರಲಿಲ್ಲ. ಇನ್ನೊಂದು ವಿಷಯವನ್ನು ನಾನು ಯಾರಿಗೂ ಹೇಳಿರಲಿಲ್ಲ. ಪ್ರತಿ ದಿನ ನೀರಿಗಿಳಿದ ಕೂಡಲೇ ಮೊದಲು ನನ್ನ ಮೊಣಕಾಲು ನೋಡಿಕೊಳ್ಳುತ್ತಿದ್ದೆ. ನೀರು ಅಲ್ಲೇ ಇದ್ದರೆ ಸಮಾಧಾನ ಆಗುತ್ತಿತ್ತು. ಅದರ ಹಿಂದೆಯೇ ಇನ್ನೊಂದು ಏನೋ ಆಗುತ್ತಿತ್ತು, ಪಂಕ್ತಿಯಲ್ಲಿ ಬಡಿಸುತ್ತ ಬಂದವರು ನನ್ನ ಎಲೆಯನ್ನು ದಾಟಿ ಮುಂದೆ ಹೋದ ಹಾಗೆ. ಅದು ಸಂಕಟವೋ ಹೊಟ್ಟೆಕಿಚ್ಚೋ ನನಗೆ ಗೊತ್ತಾಗಲಿಲ್ಲ.

ಹನ್ನೆರಡನೆಯ ಬೆಳಿಗ್ಗೆ ಗಂಡಸರು ಕಾರ್ಖಾನೆಗೆ ಹೋದ ಮೇಲೆ ಅಕ್ಕ ಅಂಗಳ ಸುತ್ತಿ ನನ್ನ ಅಡುಗೆಮನೆ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ. ಕೈಯಲ್ಲಿ ಅವರ ಬಾಟಲಿ ಇತ್ತು, ಮೂರು ಬಾಟಲಿಯ ದಾರವನ್ನು ಗಂಟು ಹಾಕಿ ಒಂದಕ್ಕೇ ಸುತ್ತಿದ್ದರು.

"ವಾರಿಜಾ, ನನ್ನನ್ನು ಹೊತ್ತುಕೊಂಡು ಹೋಗ್ತೀಯಾ?"

"ಎಲ್ಲಿಗೆ?"

"ನಮ್ಮ ಜಾಗಕ್ಕೆ. ನಿನ್ನ ಬೆನ್ನ ಮೇಲೆ ಇದ್ರೆ ನನಗೆಂತದೂ ಆಗುದಿಲ್ಲ ಅಲ್ವಾ."

"ನಿಮ್ಮ ತೂಕ ಎಷ್ಟುಂಟು ಅಂತ ಗೊತ್ತುಂಟಾ ನಿಮಗೆ?"

"ಗೊತ್ತುಂಟು. ಅದಕ್ಕೇ ಬೆಳಿಗ್ಗೆ ಗಂಜಿ ಉಣ್ಲಿಲ್ಲ."

ಬಾವ ಏನನ್ನುತ್ತಾರೆ, ನಮ್ಮವರು ಏನನ್ನುತ್ತಾರೆ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಒಲೆಯ ಮೇಲಿದ್ದುದನ್ನು ಇಳಿಸಿ ಹೊರಟೆ.

ನಮ್ಮನ್ನು ಕಂಡು ಹೆಂಗಸರ ಸಾಲೇ ಗಾಳ ಬಿಟ್ಟು ನೋಡುತ್ತ ನಿಂತಿತು. ಅಕ್ಕನನ್ನು ಬೆನ್ನಿಗೆ ಏರಿಸಿಕೊಂಡು ಕಡಲಿಗೆ ಇಳಿದೆ. ಅವರ ಪಾದ ನೀರಿಗೆ ತಾಗಿದಾಗ ಒಮ್ಮೆ ಮೈ ಬಿಗಿ ಹಿಡಿದರು. "ತಂಪು," ಎಂದರು, "ನಿನಗೆ ಹೀಗೆ ತಂಪು ಉಂಟಾ?" ನನಗೆ ಯಾವಾಗಿನ ಹಾಗೆ ಉಗುರುಬೆಚ್ಚಗಿತ್ತು. ನಮ್ಮ ಜಾಗಕ್ಕೆ ಹೋಗಿ ಕಾಲು ಅಗಲಿಸಿ ನಿಂತೆ. ಅಕ್ಕ ಗಾಳವನ್ನು ಬೀಸಲಿಲ್ಲ, ನನ್ನ ಬಲಮೊಣಕಾಲಿನ ಪಕ್ಕದಲ್ಲಿ ಮೆಲ್ಲನೆ ಬಿಟ್ಟರು.

ದಾರ ಇಳಿಯಿತು. ನಟ್ಟು ನನ್ನ ಪಾದದ ಪಕ್ಕ ಮರಳು ಮುಟ್ಟಿ ನಿಲ್ಲುವುದನ್ನು ಕಾಯುತ್ತಿದ್ದೆ. ನಿಲ್ಲಲಿಲ್ಲ. ಬಾಟಲಿ ಅಕ್ಕನ ಕೈಯಲ್ಲಿ ತಿರುಗುತ್ತಿತ್ತು, ದಾರ ನನ್ನ ಕಾಲನ್ನು ಸವರಿಕೊಂಡು ಹೋಗುತ್ತಲೇ ಇತ್ತು. ಹತ್ತು ಮಾರು, ಇಪ್ಪತ್ತು ಮಾರು. ಮೊದಲ ಗಂಟು ಹೋಯಿತು, ಎರಡನೆಯದೂ ಹೋಯಿತು. ನಾನು ಪಾದ ಒತ್ತಿ ನೋಡಿದೆ. ಮರಳು ಗಟ್ಟಿಯಾಗಿಯೇ ಇತ್ತು, ಒಂದು ಚಿಪ್ಪು ಹಿಮ್ಮಡಿಗೆ ಚುಚ್ಚುತ್ತಲೂ ಇತ್ತು. ನನಗೆ ತಲೆ ಸುತ್ತಿ ಬಂತು, ಕಣ್ಣು ಮುಚ್ಚಿಕೊಂಡೆ.

"ಅಲುಗಬೇಡ," ಎಂದರು ಅಕ್ಕ ಕಿವಿಯ ಹತ್ತಿರ. "ಬಂತು."

ಬಂದದ್ದು ಏನೆಂದು ನಮಗೆ ಕೊನೆಗೂ ತಿಳಿಯಲಿಲ್ಲ. ದಾರ ಒಮ್ಮೆಗೇ ಬಿಗಿಯಾಯಿತು, ಅಕ್ಕ ಬಿಡಲಿಲ್ಲ. ನಾನು ಎರಡು ಹೆಜ್ಜೆ ಮುಂದಕ್ಕೆ ಜಗ್ಗಿಹೋದೆ. "ಬಿಡಿ ಅಕ್ಕ, ಬಾಟಲಿ ಬಿಡಿ!" ಎಂದು ಕೂಗಿದೆ. ಅವರು ಬಿಡುವುದರೊಳಗೆ ಇನ್ನೊಂದು ಎಳೆತಕ್ಕೆ ನನ್ನ ಬೆನ್ನು ಹಗುರವಾಯಿತು. ಬಾಟಲಿ ನೀರಿನ ಮೇಲೆ ಪಟಪಟ ಹಾರುತ್ತ ಪಡುವಣಕ್ಕೆ ಹೋಯಿತು. ಅಕ್ಕ ನೀರಿಗೆ ಬಿದ್ದಿದ್ದರು. ಅವರ ಬಲಗೈಯ ಮಣಿಕಟ್ಟು ಹೇಗೋ ನನ್ನ ಕೈಗೆ ಸಿಕ್ಕಿತ್ತು, ಬಳೆ ಒಡೆದು ಅಂಗೈ ಕೊಯ್ದರೂ ನಾನು ಬಿಡಲಿಲ್ಲ.

ಅವರು ಕಾಲು ಬಡಿದರು, ಬಾಯಿಗೆ ನೀರು ತುಂಬಿಕೊಂಡರು, ಒಂದು ಸಲ ಮುಳುಗಿ ಎದ್ದರು. "ಸುಮ್ಮನಿರಿ! ಸುಮ್ಮನಿರಿ ಅಂದೆ!" ಎಂದು ಕಿರುಚಿದೆ. ಹಿರಿಯ ಓರಗಿತ್ತಿಗೆ ಹಾಗೆ ಯಾರೂ ಕಿರುಚುವುದಿಲ್ಲ. ಬೆಚ್ಚಿಬಿದ್ದು ಅವರು ನಿಜವಾಗಿಯೂ ಸುಮ್ಮನಾದರು. ಕಾಲು ಬಡಿಯುವುದನ್ನು ಬಿಟ್ಟರು, ತಲೆ ಹಿಂದಕ್ಕೆ ಬಿತ್ತು, ಹೊಟ್ಟೆ ಮೇಲೆ ಬಂತು. ಮುಳುಗಲಿಲ್ಲ. ನೀರು ಅವರನ್ನು ಎತ್ತಿ ಹಿಡಿಯಿತು. ಚಾಪೆಯ ಮೇಲೆ ಮಲಗಿದವರ ಹಾಗೆ ಕಡಲ ಮೇಲೆ ಮಲಗಿ ಅವರು ಆಕಾಶ ನೋಡುತ್ತಿದ್ದರು, ಸೀರೆಯ ಸೆರಗು ಸುತ್ತ ಹರಡಿತ್ತು.

ಸಾಲಿನ ಹೆಂಗಸರಲ್ಲಿ ಯಾರೋ ಅಳಲು ಶುರುಮಾಡಿದರು, ಸತ್ತೇಹೋದರು ಎಂದುಕೊಂಡು.

"ವಾರಿಜಾ," ಎಂದರು ಅಕ್ಕ, ತುಟಿ ಮಾತ್ರ ಅಲುಗಿಸಿ. "ಕೈ ಬಿಡು ನೋಡುವ."

"ಬಿಡುದಿಲ್ಲ."

"ಒಂದು ಬೆರಳು ಬಿಡು."

ಒಂದು ಬೆರಳು ಬಿಟ್ಟೆ. ಆಮೇಲೆ ಇನ್ನೊಂದು. ಎಲ್ಲ ಬೆರಳು ಬಿಡುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು.

ಮಧ್ಯಾಹ್ನ ಸುದ್ದಿ ಮುಟ್ಟಿ ಬಾವ ಕಾರ್ಖಾನೆಯ ಕೆಮ್ಮಣ್ಣು ಮೆತ್ತಿದ ಕೈಯಲ್ಲೇ ಓಡಿ ಬಂದರು. ದಡದಲ್ಲಿ ನಿಂತು ನೋಡಿದರು. ನಾನು ಬಯ್ಗುಳಕ್ಕೆ ತಯಾರಾಗಿ ತಲೆತಗ್ಗಿಸಿದ್ದೆ. ಸಂಜೆ ಅವರು ಹೆಂಡತಿಯ ಒದ್ದೆ ಸೀರೆಯನ್ನು ತಾವೇ ಹಿಂಡಿ ಅಂಗಳದ ತಂತಿಯ ಮೇಲೆ ಹಾಕುತ್ತಿದ್ದುದನ್ನು ಕಂಡೆ. ಆ ಸೀರೆಯಲ್ಲಿ ಉಪ್ಪಿನ ಗೆರೆಯೇ ಇರಲಿಲ್ಲ, ಇಡೀ ಸೀರೆ ಉಪ್ಪಾಗಿತ್ತು.

ಊರು ಒಗ್ಗಿಕೊಂಡಿತು. ಹಗಲು ಹೊತ್ತಿನಲ್ಲಿ ಎಲ್ಲರೆದುರು ಕಡಲ ಮೇಲೆ ಮಲಗುವುದು ಯಾವ ಮರ್ಯಾದೆ ಎಂದು ಒಂದು ತಿಂಗಳು ಮಾತು ನಡೆಯಿತು, ಅದೂ ಹಳತಾಯಿತು. ಅಕ್ಕ ಮೊದಲು ತೇಲುವುದನ್ನು, ಆಮೇಲೆ ಕೈ ಬೀಸಿ ಮುಂದೆ ಹೋಗುವುದನ್ನು ತಾವೇ ಕಲಿತರು. ಕಲಿಸುವವರು ಯಾರಿದ್ದರು? ಅದಕ್ಕೆ ಈಜು ಎನ್ನಲು ನಮಗೆ ಬಾಯಿ ಬರಲಿಲ್ಲ, "ದೇವಕಿಯಕ್ಕ ಹೋಗುತ್ತಿದ್ದಾರೆ" ಎನ್ನುತ್ತಿದ್ದೆವು. ನಾನು ಅವರ ಜೊತೆಗೆ ಹೋಗುತ್ತಿದ್ದೆ. ಬುಟ್ಟಿ, ದಾರ ನನ್ನ ಹತ್ತಿರ, ಅವರ ಕೈಗೆ ಏನೂ ಇಲ್ಲ. ಅವರು ಈಜುತ್ತಾರೆ, ನಾನು ಪಕ್ಕದಲ್ಲಿ ನಡೆಯುತ್ತೇನೆ. ಅವರಿಗೆ ದಣಿವಾದರೆ ನನ್ನ ಸೊಂಟ ಹಿಡಿದು ನಿಲ್ಲುತ್ತಾರೆ. ಗಾಳವನ್ನು ಅವರ ಕೈಯಿಂದ ಬಿಟ್ಟರೆ ಆಳಕ್ಕೆ ಇಳಿಯುತ್ತದೆ, ನಾನು ಬಿಟ್ಟರೆ ಮರಳಿನಲ್ಲಿ ಕೂರುತ್ತದೆ. ಹೀಗೆ ಒಂದೇ ಬುಟ್ಟಿಯಲ್ಲಿ ಮುರು ಮತ್ತು ಕಾಣೆ. ನಮ್ಮಿಬ್ಬರ ಮನೆಯ ಗೋಡೆ ಹಾಗೆಯೇ ಇದೆ. ಅದನ್ನು ಕೆಡವಲು ಯಾರಿಗೂ ಪುರುಸೊತ್ತಾಗಿಲ್ಲ.

ಹೋದ ಆದಿತ್ಯವಾರ ನಾವು ಯಾವತ್ತಿಗಿಂತ ದೂರ ಹೋಗಿದ್ದೆವು. ದಡದ ತೆಂಗಿನಮರಗಳು ಹುಲ್ಲುಕಡ್ಡಿಯ ಹಾಗೆ ಕಾಣುತ್ತಿದ್ದವು. ಗಾಳಿ ಇರಲಿಲ್ಲ, ನೀರು ಗಾಜಿನ ಹಾಗಿತ್ತು. ನಾನು ತಲೆ ಬಗ್ಗಿಸಿದರೆ ನನ್ನ ಹತ್ತು ಬೆರಳೂ, ಅವುಗಳ ನಡುವಿನ ಮರಳೂ, ಸರಿದುಹೋಗುವ ಸಣ್ಣ ಏಡಿಯೂ ಕಾಣುತ್ತಿತ್ತು. ಅಕ್ಕ ನೀರಿನೊಳಗೆ ಮುಖ ಇಳಿಸಿ ಬಹಳ ಹೊತ್ತು ಹಾಗೆಯೇ ಇದ್ದರು. ಈಗೀಗ ಅವರು ಹಾಗೆ ಮಾಡುತ್ತಾರೆ. ಮುಖ ಎತ್ತಿದಾಗ ಅವರ ಕಣ್ಣು ಕೆಂಪಾಗಿತ್ತು, ನನ್ನನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು.

ಇಷ್ಟು ದಿನ ಕೇಳದಿದ್ದುದನ್ನು ಕೇಳಿದೆ. "ಅಕ್ಕ, ಕೆಳಗೆ ಎಂತ ಕಾಣ್ತದೆ?"

"ನಿನ್ನ ಪಾದ ಕಾಣ್ತದೆ," ಎಂದರು. "ಎರಡೂ ಪಾದ. ಚಂದ ನಿಂತಿದ್ದೀ."

"ಮತ್ತೆ? ಪಾದದ ಕೆಳಗೆ?"

"ಅದರ ಕೆಳಗೆ ಎಂತದೂ ಇಲ್ಲ ವಾರಿಜಾ. ನೀಲಿ. ಕಪ್ಪಾಗುವವರೆಗೆ ನೀಲಿ."

ನಾನು ಅಲುಗದೆ ನಿಂತೆ. ದಡದ ಕಡೆ ನೋಡಿದೆ, ಬಂದ ದಾರಿಯೆಲ್ಲ ಬರೀ ನೀರು. ಅಕ್ಕ ನನ್ನ ಪಕ್ಕಕ್ಕೆ ಬಂದು, ಈ ಸಲ ತಾವೇ ನನ್ನ ಮಣಿಕಟ್ಟು ಹಿಡಿದರು, ಗಟ್ಟಿಯಾಗಿ. ಅವರ ಕೈ ತಣ್ಣಗಿತ್ತು. ನಾನು ಬಲಗಾಲು ಎತ್ತಿ ಮುಂದಿಟ್ಟೆ.

ಮರಳು ಇತ್ತು.